ಜಾಕೆಟಿನೊಳಗಿನ ಸುಣ್ಣ



ನಾವು ಲೆಕ್ಕ ಬರೆಯುವವರು, ರಿಯಾಕ್ಟರ್ ಮುಟ್ಟಿದವರಲ್ಲ. ಆದರೆ ಬ್ಯಾಚ್ ತಣಿಯಲು ಹೆಚ್ಚು ಹೊತ್ತು ಹಿಡಿದರೆ ನಮ್ಮ ಲೆಕ್ಕದಲ್ಲೂ ಕಾಣ್ತದೆ.

ರೂಮಿನ ಕೆಟಲಿನ ತಳದಲ್ಲಿ ಬಿಳಿ ಸುಣ್ಣ ಕಟ್ಟುವುದಿಲ್ಲವಾ? ರಿಯಾಕ್ಟರಿನ ಸುತ್ತ ನೀರು ಹರಿಯುವ ಜಾಕೆಟಿನಲ್ಲೂ ಅದೇ. 1 ಮಿಲಿಮೀಟರ್ ಸುಣ್ಣ ಸುಮಾರು 20 ಮಿಲಿಮೀಟರ್ ಸಾದಾ ಉಕ್ಕಿನಷ್ಟು ಶಾಖ ತಡೆಯುತ್ತದೆ.

ಮೊದಲು ನೀರು ಒಳಹೋಗುವ, ಹೊರಬರುವ ಉಷ್ಣತೆ ನೋಡಿ. ಹೊರಬರುವ ನೀರು ತೀರಾ ಬಿಸಿಯಾದರೆ ಹರಿವು ಕಡಿಮೆ. ಪಂಪ್, ಸ್ಟ್ರೈನರ್, ವಾಲ್ವ್ ನೋಡಬೇಕು. ಹರಿವು ಸರಿಯಿದ್ದೂ ನೀರು ಬಿಸಿಯೇರದಿದ್ದರೆ ಗೋಡೆಯಲ್ಲಿ ಸುಣ್ಣವೋ ಒಳಗೆ ಅಂಟಿದ ಮಾಲೋ ಇರಬಹುದು. ಗಾಜಿನ ಲೈನಿಂಗ್ ಇದ್ದರೆ ಜಾಕೆಟಿಗೆ ಹೈಡ್ರೋಕ್ಲೋರಿಕ್ ಆಸಿಡ್ ಬೇಡವೇ ಬೇಡ, ಗಾಜು ಎದ್ದು ಬರ್ತದೆ.

ತಾನಾಗಿ ಬಿಸಿಯೇರುವ ರಿಯಾಕ್ಷನ್ ತಣಿಯದಿದ್ದರೆ ಹೋಗುವುದು ಹಣವಲ್ಲ, ಜೀವ. ಲಾಗ್ ಶೀಟಿನಲ್ಲಿ ನಿಜವಾದ ಉಷ್ಣತೆ ಬರೆಯಿರಿ. ಕ್ಲೀನಿಂಗಿಗೆ ಖರ್ಚು ಕೇಳಲು ನಮಗೆ ಅದೇ ಸಾಕ್ಷಿ.