ನಲ್ಲಿಯ ನೀರೂ ನಮ್ಮ ತಿಳಿವಳಿಕೆಯೂ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಹೊತ್ತಿನಲ್ಲಿ ಕಾಮಾಲೆಯ ಮಾತೆತ್ತುವುದು ಶುಭವಲ್ಲವೆಂದು ಕೆಲವರಿಗೆ ತೋರಬಹುದು. ನಾವು ವೈದ್ಯರಲ್ಲ, ವಿಜ್ಞಾನಿಗಳೂ ಅಲ್ಲ. ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು. ಆದರೂ ಕಳೆದ ಮಳೆಗಾಲದಲ್ಲಿ ನಮ್ಮ ವಠಾರದಲ್ಲಿ ನಡೆದದ್ದನ್ನು ನಮ್ಮವರ ಮುಂದೆ ಹೇಳದೆ ಇರುವುದು ತಪ್ಪೆಂದು ಮನಸ್ಸಿಗೆ ತೋರಿತು.

ಒಂದೇ ವಾರದಲ್ಲಿ ನಮ್ಮ ನಾಲ್ಕು ಮನೆಗಳಲ್ಲಿ ಕಾಮಾಲೆ ಕಾಣಿಸಿಕೊಂಡಿತು. ಅವುಗಳಲ್ಲೊಂದರಲ್ಲಿ ಧಾರವಾಡದ ಕಡೆಯಿಂದ ಬಂದ ಹೆಣ್ಣುಮಗಳು; ಏಳು ತಿಂಗಳ ಬಸುರಿ. ನಾವೆಲ್ಲ ಕೂಡಿ ಆ ಸಂಜೆಯೇ ತೀರ್ಪು ಕೊಟ್ಟೆವು: ತಪ್ಪು ಮೂಲೆಯ ಗೋಲಗಪ್ಪೆಯವನದು. ಅವನ ಗಾಡಿಯನ್ನು ಎಬ್ಬಿಸಿದೆವು. ಒಬ್ಬರು ನೆಲನೆಲ್ಲಿಯ ರಸ ತಂದರು, ಇನ್ನೊಬ್ಬರು ಮಂತ್ರಿಸಿದ ಹಾರ ತಂದರು, ಮತ್ತೊಬ್ಬರು ಅರಿಸಿನ ಮುಟ್ಟಬಾರದೆಂದರು. ಆ ಮಗಳು ಆಸ್ಪತ್ರೆ ಸೇರಿದ್ದು ಐದನೆಯ ದಿನ. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಮೊದಲೇ ಹೋಗಿದ್ದರೆ ಉಳಿಯುತ್ತಿತ್ತೇ ಎಂದು ವೈದ್ಯರು ಹೇಳಲಿಲ್ಲ. ಕೇಳುವ ಧೈರ್ಯ ನಮಗೂ ಆಗಲಿಲ್ಲ.

ಆಮೇಲೆ ಲೆಕ್ಕ ಹಾಕಿದೆವು. ಆ ಗಾಡಿಯವನು ನಮ್ಮ ಮೂಲೆಗೆ ಬಂದು ಹತ್ತು ದಿನವಷ್ಟೆ ಆಗಿತ್ತು. ಅವಳಾದರೋ ಅವನ ಬಳಿ ಏನನ್ನೂ ತಿಂದವಳಲ್ಲ. ವೈದ್ಯರು ಹೆಸರಿಸಿದ ಹೆಪಟೈಟಿಸ್ ಇ ಎಂಬ ರೋಗ ದೇಹ ಹೊಕ್ಕ ಮೇಲೆ ಹೊರಗೆ ಕಾಣಲು ಎರಡರಿಂದ ಹತ್ತು ವಾರ ಹಿಡಿಯುತ್ತದೆ. ಸಾಮಾನ್ಯವಾಗಿ ಐದಾರು ವಾರ. ಹಾಗಾದರೆ ಐದಾರು ವಾರದ ಹಿಂದೆ ಏನಾಗಿತ್ತು? ದೊಡ್ಡ ಮಳೆಯೊಂದರ ಮರುದಿನ ನಲ್ಲಿಯ ನೀರು ನಾತ ಬರುತ್ತಿತ್ತು. ನಾತ ಹೋಗುವವರೆಗೆ ಹರಿಯಬಿಟ್ಟು ಅದೇ ನೀರನ್ನು ತೊಟ್ಟಿಗೆ ತುಂಬಿಕೊಂಡಿದ್ದೆವು!

ನಮ್ಮಲ್ಲಿ ಪಾಸುಪುಸ್ತಕದಲ್ಲಿ ಚೆಕ್ಕು ಬರೆದ ದಿನ ಬೇರೆ, ಹಣ ಖರ್ಚು ಬೀಳುವ ದಿನ ಬೇರೆ. ರೋಗದ ಲೆಕ್ಕವೂ ಹೀಗೆಯೇ. ನಾವು ನಿನ್ನೆಯ ಊಟವನ್ನು ಶಂಕಿಸುತ್ತೇವೆ. ಬರೆದ ಚೆಕ್ಕು ಕಳೆದ ತಿಂಗಳಿನದು.

ಇದೇ ದೆಹಲಿ ಈ ಪಾಠವನ್ನು ಹಿಂದೆಯೇ ಕಲಿತಿತ್ತು. 1955ರ ಮಳೆಗಾಲದ ಕೊನೆಗೆ ಯಮುನೆ ಉಕ್ಕಿ, ವಜೀರಾಬಾದಿನಲ್ಲಿ ನೀರೆತ್ತುವ ಸ್ಥಳದ ಬಳಿ ತನ್ನ ಪಾತ್ರ ಬದಲಿಸಿತು. ಅದಕ್ಕೆ ಕೆಳಗಡೆ ನದಿಗೆ ಬೀಳುವ ನಜಫ್‌ಗಢ ನಾಲೆಯ ಕೊಳಚೆ ಹಿಮ್ಮೆಟ್ಟಿ, ನವೆಂಬರಿನಲ್ಲಿ ಕೆಲವು ದಿನ ಕುಡಿಯುವ ನೀರಿನೊಡನೆ ಬೆರೆಯಿತು. ಸಿಬ್ಬಂದಿಯವರು ಕೈಕಟ್ಟಿ ಕೂಡಲಿಲ್ಲ. ಕ್ಲೋರಿನ್ ಹೆಚ್ಚಾಗಿ ಹಾಕಿದರು. ಟೈಫಾಯ್ಡೂ ಆಮಶಂಕೆಯೂ ಹೆಚ್ಚಲಿಲ್ಲ. ಆದರೆ ಡಿಸೆಂಬರಿನಲ್ಲಿ ಕಾಮಾಲೆ ಎದ್ದಿತು; 1956ರ ಜನವರಿಯೊಳಗೆ ಸುಮಾರು 29,000 ಜನರ ಕಣ್ಣು ಹಳದಿಯಾಯಿತು. ಬ್ಯಾಕ್ಟೀರಿಯಾಗಳನ್ನು ಕೊಂದ ಔಷಧಿ ಈ ವೈರಸ್ಸಿಗೆ ಸಾಲಲಿಲ್ಲ. ಬಸುರಿಯರಲ್ಲಿ ಸಾವು ಹೆಚ್ಚೆಂಬುದೂ ಆಗಲೇ ಕಂಡಿತು. ಕಾಪಿಟ್ಟಿದ್ದ ಆ ರೋಗಿಗಳ ರಕ್ತವನ್ನು ಮತ್ತೆ ಪರೀಕ್ಷಿಸಿ, ಇದು ಹೆಪಟೈಟಿಸ್ ಎ ಅಲ್ಲವೆಂದು ತಿಳಿಸಿದ್ದು 1980ರಲ್ಲಿ. ರೋಗಕ್ಕೆ ತಕ್ಕ ಹೆಸರು ಸಿಕ್ಕಿದ್ದು ಇನ್ನೂ ತಡವಾಗಿ.

ಕಣ್ಣಿಗೆ ಕಂಡವನನ್ನು ಹೊಣೆ ಮಾಡುವುದು ನಮ್ಮ ಹಳೆಯ ಚಾಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಜ್ವರಕ್ಕೆ ನಾವು ಮಂಗನ ಕಾಯಿಲೆ ಎಂದು ಹೆಸರಿಟ್ಟೆವು. ಪಾಪ, ಮಂಗವೂ ಅದರಿಂದ ಸಾಯುತ್ತದೆ; ಕಚ್ಚಿ ಹರಡುವುದು ಉಣುಗು. ಕಾಮಾಲೆ ಕಣ್ಣಿನವನಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ರೋಗಿಗಿಂತ ನಮಗೇ ಹೆಚ್ಚು ಒಪ್ಪುತ್ತದೆ.

ಈ ನವೆಂಬರಿನ ಹೊಗೆಯನ್ನು ಕುರಿತು ನಾವೆಲ್ಲರೂ ಮಾತಾಡುತ್ತೇವೆ, ಆಡಬೇಕಾದದ್ದೇ. ಅದು ಕಣ್ಣಿಗೆ ಕಾಣುತ್ತದೆ, ಅದರ ಅಂಕಿ ದಿನವೂ ಪತ್ರಿಕೆಯಲ್ಲಿ ಬರುತ್ತದೆ. ತಿಳಿಯಾದ ನೀರಿಗಾದರೋ ಅಂಥ ಗುರುತಿಲ್ಲ. ನೀರು ನಿಂತಾಗ ಕೊಳವೆಯ ಒತ್ತಡ ಇಳಿಯುತ್ತದೆ. ಬಿರುಕಿನ ಪಕ್ಕದಲ್ಲಿ ಚರಂಡಿಯ ಕೊಳವೆಯೂ ಸೋರುತ್ತಿದ್ದರೆ ಆ ಕೊಳಕು ಒಳಕ್ಕೆ ನುಗ್ಗುತ್ತದೆ. ನಲ್ಲಿಗೇ ಮೋಟಾರು ಕಟ್ಟಿ ಎಳೆದರೆ ಇನ್ನಷ್ಟು ನುಗ್ಗುತ್ತದೆ. ನಿಯಮಕ್ಕೆ ವಿರುದ್ಧವೆಂದು ತಿಳಿದೂ ನಮ್ಮ ವಠಾರದಲ್ಲಿ ಅಂಥ ಮೋಟಾರುಗಳಿದ್ದವು. ನಮ್ಮದೂ ಒಂದು. ಈಗ ಕಿತ್ತು ಹಾಕಿದ್ದೇವೆ.

ಆದ್ದರಿಂದ ನಮ್ಮ ಬಿನ್ನಹ ಇಷ್ಟೆ. ನಾತ ಬಂದ ದಿನ, ಬಣ್ಣ ಕೆಟ್ಟ ದಿನ, ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ಆಗಲೇ ಒಟ್ಟಾಗಿ ದೂರು ಕೊಡಿರಿ. ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿರಿ. ಕುದಿತಕ್ಕೆ ಈ ವೈರಸ್ಸು ಉಳಿಯದು. ಬಸುರಿಯ ಕಣ್ಣು ಹಳದಿಯಾದರೆ ಹಾರವೂ ಬೇಡ, ಸಭೆಯೂ ಬೇಡ. ಆ ಗಳಿಗೆಯೇ ಆಸ್ಪತ್ರೆಗೆ ಕರೆದೊಯ್ಯಿರಿ. ತಾಯಿ, ಅತ್ತೆ ಹತ್ತಿರವಿಲ್ಲದ ಈ ಊರಿನಲ್ಲಿ ನೆರೆಯವರಾದ ನಾವೇ ಅವರಿಗೆ ತೌರು. ಅಂಥವರು ತಪ್ಪು ಹೇಳಬಾರದು.

ಆ ಗಾಡಿಯವನನ್ನು ಹುಡುಕಿದೆವು, ಸಿಕ್ಕಲಿಲ್ಲ. ಅವನಿಗೆ ಹೇಳಬೇಕಾಗಿದ್ದ ಕ್ಷಮೆಯ ಮಾತು ನಮ್ಮ ಬಳಿಯೇ ಉಳಿದಿದೆ. ಅದನ್ನು ನಿಮ್ಮೆದುರು ಹೇಳಿಕೊಂಡು ಮಾತು ಮುಗಿಸುತ್ತೇವೆ.