ಸೈಟ್ ತಗೊಂಡೆ, ಇಸಿ ನೋಡಲಿಲ್ಲ

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರಿಗೂ, ಪಾತ್ರೆ ತೊಳೀತಾ ಕೇಳ್ತಿರೋರಿಗೂ ಸ್ವಾಗತ. ಸುಮಾರು ಜನ ಮೆಸೇಜ್ ಮಾಡಿ ಕೇಳಿದ್ರಿ, "ಹರಾಜಲ್ಲಿ ವೆಬ್‌ಸೈಟ್ ಕೊಂಡ್ರೆ ಕೂತಲ್ಲೇ ತಿಂಗಳು ತಿಂಗಳು ದುಡ್ಡು ಬರುತ್ತಂತೆ, ನಿಜಾನಾ?" ಬರಬಹುದು. ಆದರೆ ಆ 'ಬಹುದು' ಅನ್ನೋ ಪದದ ಅರ್ಥ ತಿಳ್ಕೊಳ್ಳೋಕೆ ನಾನು ಕಟ್ಟಿದ ಫೀಸು 80,000 ರೂಪಾಯಿ.

ಮೊದಲು ಈ ವ್ಯಾಪಾರ ಏನು ಅಂತ ನೋಡೋಣ. ಯಾರೋ ಒಬ್ಬರು ಸೈಟ್ ಕಟ್ಟಿ, ಲೇಖನ ತುಂಬಿಸಿ, ಜಾಹೀರಾತಿನಿಂದ ದುಡೀತಿರ್ತಾರೆ. ಅದನ್ನ ಮಾರಬೇಕು ಅಂದಾಗ ಆನ್‌ಲೈನ್ ಮಾರುಕಟ್ಟೆಯಲ್ಲಿ ಹರಾಜಿಗೆ ಇಡ್ತಾರೆ. ಇಂಥವುಗಳಲ್ಲಿ ಹೆಸರುವಾಸಿಯಾದದ್ದು ಫ್ಲಿಪ್ಪಾ, 2009ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಶುರುವಾಗಿದ್ದು. ಬೆಲೆ ಕಟ್ಟೋ ಲೆಕ್ಕ ಸರಳ: ತಿಂಗಳ ಲಾಭವನ್ನ ಇಂತಿಷ್ಟು ತಿಂಗಳಿಂದ ಗುಣಿಸೋದು. ಬಿ.ಕಾಂ ಮಾಡಿದೋರಿಗೆ ಇದು ಹಳೇ ಪರಿಚಯ. ಗುಡ್‌ವಿಲ್ ಲೆಕ್ಕ, ಅಷ್ಟೇ.

ನನ್ನ ಕಥೆ 2021ರದ್ದು. ಅಮ್ಮನಿಗೆ "ಸೈಟ್ ತಗೋತಿದ್ದೀನಿ" ಅಂದೆ. "ಎಲ್ಲಿ? 30-40 ನಾ? ಇಸಿ ತೆಗೆಸಿದ್ಯಾ?" ಅಂದ್ರು. ನಾನು ಬಿದ್ದು ಬಿದ್ದು ನಕ್ಕೆ. ಅಮ್ಮ ಕೇಳಿದ್ದೇ ಸರಿಯಾದ ಪ್ರಶ್ನೆ ಅಂತ ಗೊತ್ತಾಗೋಕೆ ಎರಡು ತಿಂಗಳು ಬೇಕಾಯ್ತು.

ಅದು ಮನೇಲಿ ಮೀನು ಸಾಕೋದರ ಬಗ್ಗೆ ಇದ್ದ ಇಂಗ್ಲಿಷ್ ಸೈಟು. ನಾಲ್ಕು ವರ್ಷ ಹಳೇದು. ಕಳೆದ ಮೂರು ತಿಂಗಳಲ್ಲಿ ಸರಾಸರಿ 4,000 ರೂಪಾಯಿ ಆದಾಯ ಅಂತ ಮಾರೋನು ಸ್ಕ್ರೀನ್‌ಶಾಟ್ ಹಾಕಿದ್ದ. 50,000ಕ್ಕಿಂತ ಮೇಲೆ ಹೋಗಲ್ಲ ಅಂತ ಚೀಟಿ ಬರೆದು ಲ್ಯಾಪ್‌ಟಾಪಿಗೆ ಅಂಟಿಸಿಕೊಂಡಿದ್ದೆ. ಹರಾಜಿನ ಕೊನೇ ಗಂಟೆಯಲ್ಲಿ ಇನ್ನೊಬ್ಬ ಬಂದ. ಅವನು ಏರಿಸಿದ, ನಾನೂ ಏರಿಸಿದೆ. 80,000ಕ್ಕೆ ನಿಂತಾಗ ಗೆದ್ದೆ ಅಂತ ಕುಣಿದೆ. ಅದರಲ್ಲಿ 50,000 ಅಮ್ಮ ಎತ್ತಿದ ಚೀಟಿ ದುಡ್ಡು.

ದುಡ್ಡು ಎಸ್ಕ್ರೋ ಮೂಲಕವೇ ಹೋಯ್ತು. ಅಂದ್ರೆ ನಮ್ಮ ಹಣ ಮಧ್ಯಸ್ಥರ ಹತ್ರ ಇರುತ್ತೆ. ಡೊಮೇನ್, ಫೈಲುಗಳು ನಮ್ಮ ಕೈಗೆ ಬಂದು ನಾವು ಒಪ್ಪಿದ ಮೇಲೆ ಮಾರಿದೋನಿಗೆ ಸೇರುತ್ತೆ. ಎಲ್ಲಾ ಬಂತು, ಒಪ್ಪಿದೆ. ಎರಡನೇ ತಿಂಗಳ ಆದಾಯ 310 ರೂಪಾಯಿ. ಓದುಗರೇ ಇರಲಿಲ್ಲ, ಆ ಮೂರು ತಿಂಗಳ ಟ್ರಾಫಿಕ್ ದುಡ್ಡು ಕೊಟ್ಟು ತರಿಸಿದ್ದು. ದುಡ್ಡು ತಗೊಂಡು ಓಡಿಹೋಗೋರಿಂದ ಎಸ್ಕ್ರೋ ಕಾಪಾಡುತ್ತೆ, ಸುಳ್ಳು ಹೇಳೋರಿಂದ ಅಲ್ಲ.

ಗುಡ್‌ವಿಲ್ ಲೆಕ್ಕದಲ್ಲಿ ಅಸಹಜ ಲಾಭವನ್ನ ಕಳೆದು ಸರಾಸರಿ ತೆಗೀಬೇಕು ಅಂತ ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತಗೊಂಡೋನು ನಾನು. ನಾಲ್ಕು ವರ್ಷದ ಸೈಟಿಗೆ ಮೂರೇ ತಿಂಗಳ ಲೆಕ್ಕ ಯಾಕೆ ಅಂತ ಕೇಳಲೇ ಇಲ್ಲ.

ಹಾಗಾದ್ರೆ ವೆಬ್‌ಸೈಟಿನ ಇಸಿ ಯಾವುದು? ಒಂದು, ಸ್ಕ್ರೀನ್‌ಶಾಟ್ ನಂಬಬೇಡಿ. ಗೂಗಲ್ ಅನಾಲಿಟಿಕ್ಸ್‌ನಲ್ಲಿ ನೋಡೋಕಷ್ಟೇ ಆಗೋ ಪ್ರವೇಶ ಕೇಳಿ, ಕನಿಷ್ಠ ಒಂದು ವರ್ಷದ್ದು ನೋಡಿ. ಎರಡು, ಆದಾಯದ ಪುಟವನ್ನ ವಿಡಿಯೋ ಕಾಲ್‌ನಲ್ಲಿ ಅವರೇ ತೆರೆದು, ರಿಫ್ರೆಶ್ ಮಾಡಿ ತೋರಿಸಲಿ. ಆಡ್‌ಸೆನ್ಸ್ ಖಾತೆ ಕೊಂಡವರಿಗೆ ವರ್ಗ ಆಗಲ್ಲ, ನಿಮ್ಮದೇ ಖಾತೆ ಬೇಕು. ಮೂರು, ಸರ್ಚ್ ಕನ್ಸೋಲ್‌ನಲ್ಲಿ ಗೂಗಲ್ ದಂಡನೆ ಏನಾದ್ರೂ ಇದೆಯಾ ನೋಡಿ. ನಾಲ್ಕು, ವೇಬ್ಯಾಕ್ ಮಷೀನ್‌ನಲ್ಲಿ ಸೈಟು ಮುಂಚೆ ಹೇಗಿತ್ತು ನೋಡಿ. ಇವತ್ತು ಮೀನಿನ ಸೈಟು, ನಿನ್ನೆ ಜೂಜಿನದ್ದಾಗಿರಬಹುದು. ಅವಧಿ ಮುಗಿದ ಹಳೇ ಡೊಮೇನ್ ಹಿಡಿದು ರ‍್ಯಾಂಕಿಂಗ್‌ಗೋಸ್ಕರ ಸರಕಿಲ್ಲದ ಪುಟ ತುಂಬಿಸೋದನ್ನ 2024ರ ಮಾರ್ಚ್‌ನಲ್ಲಿ ಗೂಗಲ್ ಸ್ಪ್ಯಾಮ್ ಪಟ್ಟಿಗೇ ಸೇರಿಸಿದೆ.

ಕೊನೇದಾಗಿ ಒಂದು ಮಾತು. ಮರುವರ್ಷ ಆ ಸೈಟನ್ನ ನಾನೂ ಹರಾಜಿಗಿಟ್ಟೆ. ಹಳೇ ಮೂರು ತಿಂಗಳ ಸ್ಕ್ರೀನ್‌ಶಾಟ್ ನನ್ನ ಹತ್ರಾನೂ ಇತ್ತು. ಹಾಕಿದ್ರೆ ಅರ್ಧ ದುಡ್ಡಾದ್ರೂ ವಾಪಸ್ ಬರ್ತಿತ್ತು. ಒಂದು ರಾತ್ರಿ ಅಪ್‌ಲೋಡ್ ಕೂಡ ಮಾಡಿದ್ದೆ, ಸುಳ್ಳು ಹೇಳಲ್ಲ. ಬೆಳಗ್ಗೆ ದಾವಣಗೆರೆಯ ಕಾಲೇಜು ಹುಡುಗನೊಬ್ಬ ನನ್ನ ಹೆಸರು ನೋಡಿ ಮೆಸೇಜ್ ಮಾಡಿದ್ದ: "ಅಣ್ಣಾ, ಕನ್ನಡದವ್ರಾ? ಈ ಟ್ರಾಫಿಕ್ ನಿಜಾನಾ?"

ಅದನ್ನ ಅಳಿಸಿದೆ. ಇದ್ದದ್ದು ಇದ್ದ ಹಾಗೆ ಬರೆದು ಹಾಕಿದೆ. ಆ ಹುಡುಗ ಬಿಡ್ ಮಾಡಲಿಲ್ಲ, ಒಳ್ಳೇದಾಯ್ತು. ಬೇರೆ ಯಾರೋ ಡೊಮೇನ್ ಹೆಸರು ಇಷ್ಟಪಟ್ಟು 9,000ಕ್ಕೆ ತಗೊಂಡ್ರು. ಅಮ್ಮನ ಚೀಟಿ ಕಂತು ಹೋದ ಡಿಸೆಂಬರ್‌ವರೆಗೂ ನಾನೇ ಕಟ್ಟಿದೆ.

ಈಗಲೂ ಏನಾದ್ರೂ ಕೊಳ್ತೀನಿ ಅಂದ್ರೆ ಅಮ್ಮ ಒಂದೇ ಕೇಳೋದು. ನೀವೂ ಬಿಡ್ ಒತ್ತೋ ಮುಂಚೆ ನಿಮ್ಮನ್ನ ನೀವೇ ಕೇಳ್ಕೊಳ್ಳಿ: ಇಸಿ ನೋಡಿದ್ಯಾ? ಮುಂದಿನ ವಾರ ಸಿಗೋಣ.