ದಣಿದವರನ್ನು ಗದರಿಸದ ದೇವರು
(ಬಾಲ ಯೇಸುವಿನ ಸಂತ ತೆರೇಸಾರವರ ಹಬ್ಬದ ಪ್ರಬೋಧನೆ, ಅಕ್ಟೋಬರ್ 1)



ಶಿಲುಬೆಯನ್ನೂ ಗುಲಾಬಿ ಹೂಗಳನ್ನೂ ಎದೆಗವಚಿಕೊಂಡ ಸಂತ ತೆರೇಸಾರವರ ಚಿತ್ರ ನಮ್ಮ ಅನೇಕ ಮನೆಗಳಲ್ಲಿದೆ. ಆ ನಗುಮುಖವನ್ನು ನೋಡಿದಾಗ ಅವರು ಬಹಳವಾಗಿ ದಣಿದಿದ್ದ ಒಬ್ಬ ಯುವತಿ ಎಂಬುದು ನಮಗೆ ಹೊಳೆಯುವುದೇ ಇಲ್ಲ. 1888ರಲ್ಲಿ, 15ನೇ ವಯಸ್ಸಿನಲ್ಲಿ ಅವರು ಲಿಸಿಯೆದ ಕಾರ್ಮೆಲ್ ಮಠವನ್ನು ಸೇರಿದರು. ಪ್ರಾರ್ಥನೆಯ ಹೊತ್ತಿನಲ್ಲಿ, ಪರಮಪ್ರಸಾದ ಸ್ವೀಕರಿಸಿದ ಮೇಲೂ, ವರ್ಷಗಟ್ಟಲೆ ತಮಗೆ ನಿದ್ದೆ ಬರುತ್ತಿತ್ತೆಂದು ಅವರೇ ಬರೆದಿಟ್ಟಿದ್ದಾರೆ. ಅದಕ್ಕಾಗಿ ಅವರು ಎದೆಗುಂದಲಿಲ್ಲ. ಮಲಗಿದ ಮಗುವಿನ ಮೇಲೆ ತಂದೆತಾಯಿಗೆ ಪ್ರೀತಿ ಕಡಿಮೆಯಾಗುತ್ತದೆಯೇ ಎಂಬುದು ಅವರ ಸಮಾಧಾನವಾಗಿತ್ತು.

1896ರ ಪವಿತ್ರ ಗುರುವಾರದ ರಾತ್ರಿ ಅವರ ಬಾಯಿಂದ ರಕ್ತ ಬಂತು. ಆದರೂ ಮಠದ ಉಪವಾಸ, ಕೆಲಸ ಯಾವುದನ್ನೂ ಬಿಡಲಿಲ್ಲ. ಅವರ ದೇಹ ಎಷ್ಟು ಸೋತಿದೆ ಎಂದು ಜೊತೆಯಲ್ಲಿದ್ದ ಬಹುಮಂದಿಗೆ ತಿಳಿಯಲೇ ಇಲ್ಲ. 1897ರ ಸೆಪ್ಟೆಂಬರ್ 30ರಂದು, ಕ್ಷಯರೋಗದಿಂದ, 24ನೇ ವಯಸ್ಸಿನಲ್ಲಿ ತೀರಿಕೊಂಡರು. ಒಂದೇ ಸೂರಿನಡಿ ಇದ್ದವರಿಗೂ ಒಬ್ಬರ ದಣಿವು ಕಾಣದೇ ಹೋಗಬಹುದು ಎಂಬುದು ಇಂದಿನ ಹಬ್ಬ ನಮಗೆ ಕಲಿಸುವ ಮೊದಲ ಪಾಠ.

ಕೆಮ್ಮಣ್ಣುಗುಂಡಿಯ ಬೆಟ್ಟದ ಬುಡದಲ್ಲಿರುವ ನಮ್ಮ ಲಿಂಗದಹಳ್ಳಿಯ ಸುತ್ತಮುತ್ತಲೂ ಇಂಥ ಮಕ್ಕಳಿದ್ದಾರೆ. ಇಪ್ಪತ್ತು ಇಪ್ಪತ್ತೆರಡರ ಪ್ರಾಯ. ಬೆಳಿಗ್ಗೆ ಏಳುವಾಗಲೇ ಮೈ ಭಾರ. ತರೀಕೆರೆಯ ಬಸ್ಸು ಹತ್ತುವಷ್ಟರಲ್ಲಿ ಸುಸ್ತು. ಸಂಜೆ ಮನೆಗೆ ಬಂದು ಬಿದ್ದುಕೊಂಡರೆ ಏಳಲು ಮನಸ್ಸಿಲ್ಲ. ಆಗ ನಾವು ಹೇಳುವುದೇನು? "ನಿನ್ನ ವಯಸ್ಸಿನಲ್ಲಿ ನಾವು ದಿನವಿಡೀ ತೋಟದಲ್ಲಿ ದುಡಿಯುತ್ತಿದ್ದೆವು." "ಮೊಬೈಲ್ ಬಿಟ್ಟರೆ ಎಲ್ಲಾ ಸರಿಹೋಗುತ್ತದೆ." "ಸೋಮಾರಿತನ, ಮತ್ತೇನಿಲ್ಲ."

ಪ್ರಿಯರೇ, ಈ ತೀರ್ಪು ಕೊಡಲು ಮಲೆನಾಡಿನ ಅಂಚಿನವರಾದ ನಾವು ಸ್ವಲ್ಪ ಹಿಂಜರಿಯಬೇಕು. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಈ ಸೀಮೆಯ ಜನರನ್ನು ಮಲೇರಿಯಾ ಹಿಂಡುತ್ತಿತ್ತು. ಪದೇ ಪದೇ ಜ್ವರ ಬಂದು, ಗುಲ್ಮ ಊದಿಕೊಂಡು, ರಕ್ತ ಬತ್ತಿದವರು ಹೊರಗಿನವರ ಕಣ್ಣಿಗೆ ಮೈಗಳ್ಳರಂತೆ ಕಂಡಿರಬಹುದು. 1953ರಲ್ಲಿ ದೇಶದಾದ್ಯಂತ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ, ಮನೆಮನೆಗೆ ಡಿಡಿಟಿ ಸಿಂಪಡಿಸಿದ ಮೇಲೆ ಆ ಪೀಡೆ ಬಹಳಷ್ಟು ತಗ್ಗಿತು. ದೋಷ ಜನರ ಗುಣದಲ್ಲಿರಲಿಲ್ಲ, ಸೊಳ್ಳೆಯಲ್ಲಿತ್ತು.

ಇಂದು ಯುವಜನರ ದಣಿವಿಗೆ ಒಂದು ದೊಡ್ಡ ಕಾರಣ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 57 ಮಂದಿಗೆ ಈ ತೊಂದರೆಯಿದೆ. ನಮ್ಮ ಕರ್ನಾಟಕದಲ್ಲೂ ಈ ಪ್ರಮಾಣ ಅರ್ಧದ ಹತ್ತಿರವಿದೆ. ಹೆಂಗಸರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ, ಗಂಡಸರಲ್ಲಿ 13ಕ್ಕಿಂತ ಕಡಿಮೆಯಾದರೆ ಅದು ರಕ್ತಹೀನತೆ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವುದು, ಬರಿಗಾಲಲ್ಲಿ ನಡೆಯುವವರ ಮೈ ಸೇರುವ ಕೊಕ್ಕೆಹುಳು, ಊಟದಲ್ಲಿ ಕಬ್ಬಿಣಾಂಶದ ಕೊರತೆ, ಇವೆಲ್ಲ ಅದರ ಮೂಲಗಳು. ಕಾಫಿ ಬೆಳೆಯುವ ಜಿಲ್ಲೆಯವರಾದ ನಾವು ಇನ್ನೊಂದು ಮಾತನ್ನು ತಿಳಿದಿರಬೇಕು. ಊಟದ ಜೊತೆಗೆ, ಊಟವಾದ ಕೂಡಲೇ ಕುಡಿಯುವ ಕಾಫಿ, ಟೀ ಆಹಾರದ ಕಬ್ಬಿಣಾಂಶ ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಒಂದೆರಡು ಗಂಟೆ ಬಿಟ್ಟು ಕುಡಿದರಾಯಿತು. ಸೊಪ್ಪು, ಹುರುಳಿ, ಮಾಂಸದ ಜೊತೆ ನಿಂಬೆ, ನೆಲ್ಲಿಕಾಯಿ, ಸೀಬೆ ಇದ್ದರೆ ಒಳ್ಳೆಯದು.

ಥೈರಾಯ್ಡ್, ಸಕ್ಕರೆ ಕಾಯಿಲೆ, ಬಿ12 ಕೊರತೆ, ನಿದ್ದೆಗೇಡು, ಇವುಗಳಿಂದಲೂ ಸುಸ್ತಾಗುತ್ತದೆ. ಎರಡು ವಾರಕ್ಕೂ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಕಂಡರೆ ಕ್ಷಯವೇ ಎಂದು ಪರೀಕ್ಷಿಸಲೇಬೇಕು. ತೆರೇಸಾರವರ ಕಾಲದಲ್ಲಿ ಅದಕ್ಕೆ ಮದ್ದಿರಲಿಲ್ಲ. ಇಂದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ. ಮನಸ್ಸು ಕುಗ್ಗಿದಾಗಲೂ ಮೊದಲು ಸೋಲುವುದು ದೇಹವೇ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಆದರೆ ಎಲ್ಲಾ ಪರೀಕ್ಷೆ ಮಾಡಿಸಿದ ಮೇಲೂ 'ಎಲ್ಲಾ ಸರಿಯಾಗಿದೆ' ಎಂಬ ಚೀಟಿ ಬಂದರೆ? ಇಲ್ಲಿಯೇ ಯುವಜನರ ನಿಜವಾದ ಶಿಲುಬೆ ಆರಂಭವಾಗುತ್ತದೆ. ತಿಂಗಳುಗಟ್ಟಲೆ ವಿಶ್ರಾಂತಿ ಪಡೆದರೂ ಹೋಗದ, ಸ್ವಲ್ಪ ಹೆಚ್ಚು ಕೆಲಸ ಮಾಡಿದರೆ ಮರುದಿನ ಎರಡರಷ್ಟಾಗುವ ದಣಿವಿನ ಕಾಯಿಲೆಯೊಂದಿದೆ. ರಕ್ತ ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳುವುದಿಲ್ಲ. ಅದು ನಿಜವಾದ ಕಾಯಿಲೆಯೇ ಎಂದು 2015ರಲ್ಲಿ ಅಮೆರಿಕದ ತಜ್ಞರ ಸಮಿತಿ ಸ್ಪಷ್ಟಪಡಿಸಿತು. 2020ರ ನಂತರ ಕೋವಿಡ್ ಬಂದುಹೋದ ಅನೇಕರಲ್ಲಿಯೂ ಇಂಥ ದಣಿವು ಉಳಿಯಿತು. ಅಂಥವರನ್ನು 'ಎದ್ದು ಓಡಾಡು, ಸರಿಹೋಗುತ್ತದೆ' ಎಂದು ದಬ್ಬಿದರೆ ಹಾನಿಯೇ ಹೆಚ್ಚು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹಣದ ವಿಷಯದಲ್ಲಿ ಹೇಳಿದ ಮಾತು ಇವರ ಶಕ್ತಿಗೂ ಸಲ್ಲುತ್ತದೆ.

ಪವಿತ್ರ ಗ್ರಂಥದಲ್ಲಿ ಎಲೀಯ ಪ್ರವಾದಿಯನ್ನು ನೆನೆಯಿರಿ. ಸಾವೇ ಬರಲಿ ಎಂದು ಬೇಡಿಕೊಂಡು ಅವನು ಅಡವಿಯ ಗಿಡದ ಕೆಳಗೆ ಮಲಗಿಬಿಟ್ಟ. ದೇವದೂತ ಬಂದು ಅವನ ವಿಶ್ವಾಸ ಕಡಿಮೆಯಾಯಿತೆಂದು ಬೈಯಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಇನ್ನೊಮ್ಮೆ ಬಂದು ತಟ್ಟಿ ಎಬ್ಬಿಸಿ ಉಣಿಸಿದ. ದಾರಿ ದೂರವಿದೆಯೆಂದು ದೇವರಿಗೆ ಗೊತ್ತಿತ್ತು. ಯೋಬನ ಗೆಳೆಯರಾದರೋ ಏಳು ದಿನ ಸುಮ್ಮನೆ ಜೊತೆಗೆ ಕುಳಿತಿದ್ದಷ್ಟು ಕಾಲ ಒಳ್ಳೆಯ ಗೆಳೆಯರಾಗಿದ್ದರು. ಕಾರಣ ಹುಡುಕಲು ಹೊರಟು ಅವನನ್ನೇ ತಪ್ಪಿತಸ್ಥನನ್ನಾಗಿ ಮಾಡಿದರು. ನಾವು ನಮ್ಮ ಮನೆಯಲ್ಲಿ ದೇವದೂತರಾಗುತ್ತೇವೆಯೋ, ಯೋಬನ ಗೆಳೆಯರಾಗುತ್ತೇವೆಯೋ?

ತಂದೆತಾಯಂದಿರೇ, ಮಗಳು ಸುಸ್ತು ಎಂದಾಗ ಮೊದಲು ನಂಬೋಣ. ಆಮೇಲೆ ವೈದ್ಯರ ಬಳಿ ಕರೆದೊಯ್ಯೋಣ. ಜಪಮಾಲೆಯೂ ಇರಲಿ, ರಕ್ತ ಪರೀಕ್ಷೆಯೂ ಆಗಲಿ, ಎರಡಕ್ಕೂ ಜಗಳವಿಲ್ಲ. ಯುವಜನರೇ, ಪೂಜೆಯಲ್ಲಿ ನಿಲ್ಲಲಾಗದಿದ್ದರೆ ಕುಳಿತುಕೊಳ್ಳಿ. ಪ್ರಾರ್ಥನೆಯ ನಡುವೆ ಕಣ್ಣು ಮುಚ್ಚಿಹೋದರೆ ಅದು ಪಾಪವಲ್ಲ. ನಮ್ಮ ಪ್ರಭುವೂ ದಣಿದು ಸಮಾರಿಯದ ಬಾವಿಯ ಬಳಿ ಕುಳಿತರು, ದೋಣಿಯಲ್ಲಿ ಮಲಗಿ ನಿದ್ದೆಹೋದರು.

ಕೊನೆಯ ದಿನಗಳಲ್ಲಿ ತೆರೇಸಾರವರು ಒಂದೊಂದು ಹೆಜ್ಜೆಗೂ ಏದುಸಿರು ಬಿಡುತ್ತಿದ್ದರು. ಎಲ್ಲೋ ದೂರದಲ್ಲಿ ದಣಿದಿರುವ ಒಬ್ಬ ಧರ್ಮಪ್ರಚಾರಕನಿಗಾಗಿ ಆ ಹೆಜ್ಜೆಗಳನ್ನು ಅರ್ಪಿಸಿದರು. ಮಠದಾಚೆಗೆ ಹೋಗದ ಅವರನ್ನು 1927ರಲ್ಲಿ ಧರ್ಮಸಭೆ ಧರ್ಮಪ್ರಚಾರದ ಪಾಲಕಿ ಎಂದು ಸಾರಿತು. ಎಷ್ಟು ದುಡಿದೆವು ಎಂಬ ಲೆಕ್ಕದಿಂದ ದೇವರು ನಮ್ಮನ್ನು ಅಳೆಯುವುದಿಲ್ಲ. ದಣಿದು ಮಲಗಿರುವ ನಮ್ಮ ಮಕ್ಕಳಿಗೂ ಮನೆಯಲ್ಲಿ, ದೇವಾಲಯದಲ್ಲಿ ಒಂದು ಗೌರವದ ಸ್ಥಾನವಿರಲಿ. ಅದಕ್ಕೆ ಬೇಕಾದ ತಾಳ್ಮೆಯನ್ನು ಸಂತ ತೆರೇಸಾರವರ ಬಿನ್ನಹದಿಂದ ದೇವರು ನಮಗೆಲ್ಲರಿಗೂ ಕರುಣಿಸಲಿ. ಆಮೆನ್.